ಹುಳಿಗಡಿಗೆಗೆ ಬಂದ ಸೊಸೆ

ದೋಷ ಹುಡುಕುವುದು ನನ್ನ ಹೊಟ್ಟೆಪಾಡು. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಮೇಜಿನ ಮುಂದೆ ನಿಲ್ಲುವವನು ನಾನು. ದಿನಕ್ಕೆ ನೂರಾರು ಟೀ ಶರ್ಟು ನನ್ನ ಕೈ ದಾಟಿ ಹೋಗುತ್ತವೆ. ಹೊಲಿಗೆ ತಪ್ಪಿದ್ದು, ತೂತು ಬಿದ್ದದ್ದು, ಎಡತೋಳು ಬಲತೋಳಿಗಿಂತ ಅರ್ಧ ಇಂಚು ಉದ್ದವಾದದ್ದು, ಯಾವುದೂ ನನ್ನಿಂದ ತಪ್ಪಿಸಿಕೊಳ್ಳುವುದಿಲ್ಲ. ಈ ಅಭ್ಯಾಸ ಮನೆಗೂ ಬಂದುಬಿಟ್ಟಿದೆ. ದೋಸೆಯನ್ನು ಎರಡೂ ಮಗ್ಗುಲು ತಿರುಗಿಸಿ ನೋಡದೆ ನಾನು ಬಾಯಿಗಿಡುವುದಿಲ್ಲ. ಇದನ್ನು ರೋಗ ಎನ್ನುವ ನನ್ನ ಹೆಂಡತಿ ಇಲಕ್ಕಿಯಾ, ಇದೇ ರೋಗವನ್ನು ನಂಬಿ ನನಗೊಂದು ಕಾವಲಿನ ಕೆಲಸ ಒಪ್ಪಿಸಿದಳು. ಆ ಕೆಲಸದಲ್ಲಿ ನಾನು ಮಾಡಿದ ತಪ್ಪಿನ ಕತೆ ಇದು. ಬೇರೆಯವರ ತಪ್ಪಾಗಿದ್ದರೆ ಬರೆಯಲು ಇನ್ನೂ ಖುಷಿಯಾಗುತ್ತಿತ್ತು.

ನನ್ನ ಹೆಸರು ಸತೀಶ್‌ಕುಮಾರ್, ಊರು ಕೊಳ್ಳೇಗಾಲ. ಮದುವೆಯಾದ ಮೇಲೆ ಸೂಟ್‌ಕೇಸ್ ಹಿಡಿದುಕೊಂಡು ಸೋಮನೂರಿನ ಹತ್ತಿರದ ಈ ನೇಕಾರರ ಬೀದಿಗೆ, ಹೆಂಡತಿಯ ಅಜ್ಜಿಯ ಮನೆಗೆ ಬಂದು ಸೇರಿಕೊಂಡೆ. ಇಲ್ಲಿಂದ ನನಗೆ ತಿರುಪ್ಪೂರೂ ಹತ್ತಿರ, ಇಲಕ್ಕಿಯಾಳಿಗೆ ಪೋತ್ತನೂರಿನ ಆಚೆಯ ಅವಳ ಪ್ರಯೋಗಾಲಯವೂ ರೈಲಿನ ದಾರಿ. ಅಜ್ಜಿಯ ಹೆಸರು ಅಮ್ಮಣಿ, ವಯಸ್ಸು ಎಪ್ಪತ್ತೆಂಟು. ತಲೆಮಾರುಗಳಿಂದ ಇಲ್ಲೇ ಇರುವ ಕನ್ನಡದವರು ಇವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಬಂದ ಹೊಸದರಲ್ಲಿ ಅವರ ಕನ್ನಡದಲ್ಲಿ ತಪ್ಪು ಹುಡುಕಲು ಹೋಗಿದ್ದೆ. "ಏನ್ ಮಾಪ್ಳೆ, ನೀವು ರೇಡಿಯೋ ಮಾದಿರಿ ಮಾತಾಡ್ತೀರ" ಎಂದು ಅಜ್ಜಿ ನಕ್ಕ ಮೇಲೆ ಆ ಕೆಲಸ ಕೈಬಿಟ್ಟೆ. ಮಾಪ್ಳೆ ಎಂದರೆ ಅಳಿಯ. ಮನೆಯಲ್ಲಿ ಅದು ನನ್ನ ಪದವಿ. ಎಷ್ಟು ದಿನ ಉಳಿಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮ ಬೀದಿಯ ತುಂಬ ಪವರ್‌ಲೂಮ್‌ಗಳು. ಹಗಲೂ ರಾತ್ರಿ ತಡಕ್ ತಡಕ್ ಎಂದು ಗೋಡೆಯ ಸುಣ್ಣ ಉದುರಿಸುತ್ತವೆ. ಕೈಮಗ್ಗ ಉಳಿದಿರುವುದು ಮೂರೇ. ಆ ಮೂರು ಮಗ್ಗಗಳ ಹಾಸುನೂಲಿಗೆ ಗಂಜಿ ಮಾಡಿಕೊಡುವವರು ಅಮ್ಮಣಿಯಜ್ಜಿ. ಬೆಳಿಗ್ಗೆ ನೂಲನ್ನು ಬೀದಿಯುದ್ದ ಎಳೆದು ಕಟ್ಟಿ, ಗಂಜಿ ಬಳಿದು, ಬ್ರಷ್ಷಿನಲ್ಲಿ ತೀಡಿ ಒಣಗಿಸುತ್ತಾರೆ. ಗಂಜಿ ಚೆನ್ನಾಗಿದ್ದರೆ ನೂಲು ಮಗ್ಗದಲ್ಲಿ ಹರಿಯುವುದಿಲ್ಲ. ಅಜ್ಜಿಯ ಗಂಜಿ ಚೆನ್ನಾಗಿರುವುದಕ್ಕೆ ಕಾರಣ ಅಡುಗೆಮನೆಯ ಮೂಲೆಯಲ್ಲಿ ಕೂತಿರುವ ಒಂದು ಕರಿ ಮಣ್ಣಿನ ಗಡಿಗೆ. ಅದರಲ್ಲಿರುವುದು ಹಳೆಯ ಹುಳಿ, ಅಂದರೆ ಹುಳಿ ಬಂದ ಗಂಜಿ. ದಿನವೂ ಒಂದು ಹಿಡಿ ಅನ್ನ, ಒಂದು ಲೋಟ ನೀರು ಹಾಕಿ ಅದನ್ನು ಸಾಕಬೇಕು. ಹೊಸ ಗಂಜಿಗೆ ಅದರಿಂದ ಒಂದು ಕರಂಡಿ, ಅಂದರೆ ಒಂದು ಚಮಚ, ಬಿಟ್ಟು ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಗಂಜಿ ಹದಕ್ಕೆ ಬಂದಿರುತ್ತದೆ.

ಈ ಗಡಿಗೆ ಅಜ್ಜಿಗೆ ಬಂದದ್ದು ಅವರ ಅತ್ತೆಯಿಂದ, ಅತ್ತೆಗೆ ಅವರ ಅತ್ತೆಯಿಂದ. ಅದು ಹೋಗುವುದು ಅತ್ತೆಯಿಂದ ಸೊಸೆಗೆ ಮಾತ್ರ. ಮಗಳಿಗಿಲ್ಲ, ಮೊಮ್ಮಗಳಿಗಿಲ್ಲ, ನೆರೆಯವರಿಗಂತೂ ಇಲ್ಲವೇ ಇಲ್ಲ. ಗಂಜಿ ಬೇಕಾದವರು ಪಾತ್ರೆ ತಂದು ಅಜ್ಜಿಯ ಮನೆಯಲ್ಲೇ ಹುಳಿ ಹಾಕಿಸಿಕೊಂಡು ಹೋಗಬೇಕು. ಗಡಿಗೆಯ ಹುಳಿ ಹಸಿಯಾಗಿ ಹೊಸಿಲು ದಾಟಬೇಕಾದರೆ ಅದನ್ನು ಹಿಡಿದ ಕೈ ಮನೆಯ ಸೊಸೆಯದೇ ಆಗಿರಬೇಕು, ಅದೂ ಗಡಿಗೆ ವಹಿಸಿಕೊಂಡ ಮೇಲೆ. ಅಜ್ಜಿಗೆ ಇರುವುದು ಒಬ್ಬಳೇ ಮಗಳು, ವೆಳ್ಳಕೋಯಿಲ್‌ನಲ್ಲಿರುವ ನನ್ನ ಅತ್ತೆ ಶೋಭನಾ. ಸೊಸೆ ಇಲ್ಲ. ಆ ಗಡಿಗೆಯ ಮುಂದೆ ಕೂತಾಗಲೆಲ್ಲ ಅಜ್ಜಿ, "ನಿನ್ನ ಗತಿ ನನ್ನ ಜೊತೇಲೇ ಮುಗೀತು ಸಾಮಿ" ಎಂದು ನಿಟ್ಟುಸಿರು ಬಿಡುತ್ತಿದ್ದರು. ನಾನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಇನ್ನು ಇಲಕ್ಕಿಯಾಳ ಕೆಲಸ. ಅವಳದು ಸಂಶೋಧನೆ, ಮೂರು ವರ್ಷದ್ದು. ಒಂದು ಬಗೆಯ ಕೆಂಪು ಬಣ್ಣದ ಅಣುಗಳಂತೆ. ಅಪ್ಪಳದ ಹಾಗೆ ಚಪ್ಪಟೆಯಂತೆ. ಕ್ಷಾರದ ನೀರಿನಲ್ಲಿ ಬಿಡಿಬಿಡಿಯಾಗಿ ತೇಲುವ ಇವು, ನೀರಿಗೆ ನಿಧಾನವಾಗಿ ಹುಳಿ ಏರಿದರೆ ತಾವಾಗಿಯೇ ಒಂದರ ಮೇಲೊಂದು ಕೂತು ಎಳೆಗಳಾಗುತ್ತವೆ. ಎಳೆಗಳು ಹೆಣೆದುಕೊಂಡು ಬಲೆಯಾಗುತ್ತವೆ. ಬಲೆ ನೀರನ್ನು ಹಿಡಿದಿಟ್ಟುಕೊಂಡು ಜೆಲ್ ಆಗುತ್ತದೆ. ಆ ಜೆಲ್‌ಗೆ ಬೆಳಕು ಬಿದ್ದರೆ ಎಳೆಗಳ ಮೂಲಕ ಕರೆಂಟು ಹರಿಯುತ್ತದೆ, ಕತ್ತಲಾದರೆ ನಿಲ್ಲುತ್ತದೆ. ಮುಂದೆ ಎಂದೋ ಒಂದು ದಿನ ಬಟ್ಟೆಗೆ ಬಳಿಯುವ ಬೆಳಕಿನ ಸ್ವಿಚ್ಚು ಇದರಿಂದ ಆಗಬಹುದಂತೆ. ಇದನ್ನು ಅವಳು ಅಜ್ಜಿಗೆ ವಿವರಿಸಿದಾಗ ಅಜ್ಜಿಗೆ ಸಿಟ್ಟೇ ಬಂತು, ಸಿಟ್ಟಿನಲ್ಲೂ ಮೊಮ್ಮಗಳನ್ನು ಮುದ್ದಿನಿಂದ ಕಣ್ಣು ಎಂದೇ ಕರೆದರು.

"ನೂಲೋರಿಲ್ಲ, ನೆಯ್ಯೋರಿಲ್ಲ, ತಾನಾ ನೂಲಾಗುತ್ತಾ ಕಣ್ಣು? ಅಂತಾ ನೂಲು ಇದ್ದಿದ್ರೆ ನನ್ ಬೆನ್ನು ಯಾಕೆ ಹಿಂಗೆ ಬಗ್ತಿತ್ತು?"

ಕಷ್ಟವೆಂದರೆ ಆ ನೂಲು ಆಗುತ್ತಿರಲಿಲ್ಲ. ಆಮ್ಲ ಹಾಕಿದರೆ ಉಪ್ಪಿಟ್ಟು ಗಂಟುಕಟ್ಟಿದ ಹಾಗೆ ಗಂಟು. ನಿಧಾನವಾಗಿ ಹುಳಿಯಾಗುವ ಒಂದು ಪುಡಿ ಇದೆ, ಅದನ್ನು ಹಾಕಿದರೂ ಇವಳ ಅಣುಗಳಿಗೆ ಆತುರವಾಗಿ ಎರಡು ಗಂಟೆಯಲ್ಲಿ ಜೆಲ್ ಬಿರುಕು ಬಿಡುತ್ತಿತ್ತು. ಮೂರು ವರ್ಷ ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಬರುತ್ತಿದ್ದ ಸುದ್ದಿ ಒಂದೇ: "ಇವತ್ತೂ ಕಟ್ಲಿಲ್ಲ." ಅವಳ ಗೈಡ್ ತಮಿಳ್‌ಸೆಲ್ವಿ ಮೇಡಂ ಒಳ್ಳೆಯವರು, ಆದರೆ ಅವರ ಮೇಲೊಂದು ಸಮಿತಿ ಇದೆ. ಈ ಸಲದ ಸಮಿತಿಯ ಮುಂದೆ ಜೆಲ್ ಮಾಡಿ ತೋರಿಸದಿದ್ದರೆ ವಿಷಯವನ್ನೇ ಬದಲಿಸಿ ಮೊದಲಿನಿಂದ ಶುರುಮಾಡು ಎಂದಿದ್ದರು. ಮೂರು ವರ್ಷ ನೀರಿಗೆ ಬೀಳುತ್ತಿತ್ತು.

ಅಷ್ಟರಲ್ಲಿ ಕೂಲಿಯ ಮಾತುಕತೆ ಮುರಿದು ಪವರ್‌ಲೂಮ್‌ನವರು ಮುಷ್ಕರ ಹೂಡಿದರು. ನಮ್ಮ ಬೀದಿಯಲ್ಲಿ ಕಾಗೆ ಕೂಗಿದ್ದು ಕೇಳಿಸಿತು. ಇಲಕ್ಕಿಯಾಳ ತಲೆಗೆ ಒಂದು ಉಪಾಯ ಹೊಳೆಯಿತು. ಅವಳ ಪ್ರಯೋಗಾಲಯ ರೈಲು ಹಳಿಯ ಪಕ್ಕದಲ್ಲಿದೆ, ಗೂಡ್ಸ್ ಗಾಡಿ ಅಲ್ಲಾಡಿದಾಗಲೆಲ್ಲ ಸೀಸೆಗಳೂ ಕುಲುಕುತ್ತವೆ. ಕುಲುಕದ ಜಾಗದಲ್ಲಿ, ಪುಡಿಯನ್ನು ಕಾಲು ಪಾಲಿಗೆ ಇಳಿಸಿ ನೋಡಿದರೆ? ಒಂದು ಭಾನುವಾರ ಬೆಳಿಗ್ಗೆ ಆರು ಪುಟ್ಟ ಗಾಜಿನ ಸೀಸೆಗಳಿಗೆ ಕೆಂಪು ನೀರು ತುಂಬಿ, ಪುಡಿ ಹಾಕಿ, ಬೆಳಕು ತಾಗದಂತೆ ಫಾಯಿಲ್ ಸುತ್ತಿ ನಮ್ಮ ಮನೆಯ ಹಳೆಯ ಮಗ್ಗದ ಕೋಣೆಯ ಕಪಾಟಿನಲ್ಲಿಟ್ಟಳು. ಕರೆಂಟು ಅಳೆಯುವ ಮೀಟರ್ ತರಲು ತಾನು ಪೋತ್ತನೂರಿಗೆ ಹೊರಟಳು.

"ಏನುಂಗ, ಯಾರೂ ಮುಟ್ಬಾರ್ದು. ಯಾರೂ ಅಂದ್ರೆ ನೀವೂ ಸೇರಿ. ಸಾಯಂಕಾಲದ ತನಕ ಕೊಂಜ ನೋಡ್ಕೊಳ್ರಿ" ಎಂದಳು.

"ನನ್ನ ಕಣ್ಣು ತಪ್ಪಿಸಿ ಒಂದು ದಾರದ ತುದಿಯೂ ಹೋಗಲ್ಲ" ಎಂದೆ.

ಕಪಾಟಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತೆ. ಮಧ್ಯಾಹ್ನ ಅಜ್ಜಿ ಅಲ್ಲಿಗೇ ತಟ್ಟೆ ತಂದು ಕೊಟ್ಟರು. ಹುರುಳಿ ಸಾರು, ಅನ್ನ, ಮೇಲೆ ಮಜ್ಜಿಗೆ. ಮಗ್ಗದ ಸದ್ದಿಲ್ಲದ ಮಧ್ಯಾಹ್ನ ನಾನು ಈ ಬೀದಿಯಲ್ಲಿ ಕಂಡದ್ದು ಅದೇ ಮೊದಲು. ಕಣ್ಣು ಮುಚ್ಚಿದ್ದು ನೆನಪಿಲ್ಲ. ತೆರೆದಾಗ ಅಜ್ಜಿ ಕಪಾಟಿನ ಮುಂದೆ ನಿಂತು, ಆರನೆಯ ಸೀಸೆಯನ್ನು ತೆಂಗಿನ ಗರಿಯ ಕಡ್ಡಿಯಿಂದ ಕಲಕುತ್ತಿದ್ದರು. ಎಡಗೈಯಲ್ಲಿ ಗಡಿಗೆ, ಸೊಂಟದಲ್ಲಿ ಕರಂಡಿ.

"ಅಜ್ಜೀ! ಏನ್ ಮಾಡ್ತಿದ್ದೀರಿ?"

"ಕೂಗ್ಬೇಡಿ ಮಾಪ್ಳೆ, ಹುಳಿ ಬೆದರುತ್ತೆ" ಎಂದರು, ತಿರುಗಿಯೂ ನೋಡದೆ. "ಮೂರು ವರ್ಸಮಾ ಈ ಪುಳ್ಳೆ ಗಂಜಿ ಕಟ್ಲಿಲ್ಲ, ಕಟ್ಲಿಲ್ಲ ಅಂತ ಅಳ್ತಾಳೆ. ಬಿಚ್ಚಿ ನೋಡ್ದೆ. ತಣ್ಣಿ ಮಾದಿರಿ ಐತೆ, ಪಾವಂ. ಹುಳಿ ಹಾಕ್ದೆ ಇದ್ರೆ ಎಂಗೆ ಕಟ್ಟುತ್ತೆ? ಆರಕ್ಕೂ ಒಂದೊಂದ್ ಕರಂಡಿ ಬಿಟ್ಟಿದೀನಿ. ಅವ್ಳಿಗೆ ಹೇಳ್ಬೇಡಿ, ತಾನೇ ಮಾಡ್ದೆ ಅನ್ಕೊಂಡು ಸಂತೋಸ ಪಡ್ಲಿ."

ಆಗಲೇ ಫೋನು ಮಾಡಿ ಹೇಳಬೇಕಿತ್ತು. ಹೇಳಿದರೆ ಮೊದಲು ಬರುವ ಪ್ರಶ್ನೆ, ನೀವೇನು ಮಾಡುತ್ತಿದ್ದಿರಿ? ಸಾವಿರ ಬನಿಯನ್ನಿನಲ್ಲಿ ಒಂದು ತೂತು ಹುಡುಕುವವನು ಕಣ್ಣೆದುರಿನ ಅಜ್ಜಿಯನ್ನು ಕಾಣಲಿಲ್ಲ ಎಂದು ಹೇಗೆ ಹೇಳಲಿ? ಆರೂ ಸೀಸೆಗೆ ಫಾಯಿಲನ್ನು ಮೊದಲಿನ ಸುಕ್ಕು ಸುಕ್ಕಿಗೆ ಸರಿಯಾಗಿ ಸುತ್ತಿ, ಕಪಾಟು ಮುಚ್ಚಿ, ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಸಾಯಂಕಾಲ ಬಂದ ಇಲಕ್ಕಿಯಾ ನನ್ನ ಭುಜ ತಟ್ಟಿ, "ನೀವಾದ್ರೆ ನಂಬ್ಬೋದು" ಎಂದಳು. ಹೇಗೂ ಕಟ್ಟುವುದಿಲ್ಲ, ಬೆಳಿಗ್ಗೆ ಚೆಲ್ಲುತ್ತಾಳೆ, ಅಲ್ಲಿಗೆ ಮುಗಿಯಿತು ಎಂದು ನಾನು ಸಮಾಧಾನ ಮಾಡಿಕೊಂಡೆ.

ಬೆಳಿಗ್ಗೆ ಅವಳು ಮೊದಲ ಸೀಸೆಯ ಫಾಯಿಲ್ ಬಿಚ್ಚಿ ತಲೆಕೆಳಗು ಮಾಡಿದಳು. ಜೆಲ್ ಆಗಿದೆಯೋ ಇಲ್ಲವೋ ನೋಡುವುದು ಹೀಗೇ. ಕೆಳಗೆ ಬಿದ್ದರೆ ನೀರು, ಬೀಳದಿದ್ದರೆ ಜೆಲ್. ಬೀಳಲಿಲ್ಲ. ಎರಡನೆಯದು, ಮೂರನೆಯದು, ಆರೂ ಬೀಳಲಿಲ್ಲ. ಬಿರುಕಿಲ್ಲ, ಗಂಟಿಲ್ಲ, ಚೆಕಿಂಗ್ ಮೇಜಿನಲ್ಲಿ ಮೊದಲ ದರ್ಜೆ ಎಂದು ಬದಿಗಿಡುವಂಥ ಜೆಲ್. ತಂತಿ ಸಿಕ್ಕಿಸಿ ನೀಲಿ ಟಾರ್ಚು ಬಿಟ್ಟಳು. ಕೆಂಪು ಮೆಲ್ಲಗೆ ನೇರಳೆಯಾಯಿತು, ಮೀಟರಿನ ಅಂಕಿ ಏರಿತು. ಟಾರ್ಚು ಆರಿಸಿದಳು, ಅಂಕಿ ಇಳಿಯತೊಡಗಿತು. ಅವಳು ಆ ಮಗ್ಗದ ಕೋಣೆಯಲ್ಲಿ ಎರಡೂ ಕೈಯಲ್ಲಿ ತಲೆಕೆಳಗಾದ ಸೀಸೆ ಹಿಡಿದುಕೊಂಡು ಕುಣಿದಳು. ಅಜ್ಜಿಯೂ ಕೈ ತಟ್ಟಿ ಕುಣಿದರು, ನನಗೆ ಕಣ್ಣು ಹೊಡೆದರು ಕೂಡ. ಮದುವೆಯಾಗಿ ಎರಡು ವರ್ಷದಲ್ಲಿ ಇಲಕ್ಕಿಯಾ ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಆ ನಗುವಿನ ಮುಂದೆ ನನ್ನ ಬಾಯಿಗೆ ಬೀಗ ಬಿತ್ತು.

ತಮಿಳ್‌ಸೆಲ್ವಿ ಮೇಡಂ ಫೋನಿನಲ್ಲಿ ಎರಡು ಸಲ ಶಭಾಷ್ ಎಂದು, ಮೂರನೆಯ ಮಾತಿಗೆ, "ಮುಂದಿನ ವಾರ ಗುರುವಾರ ಸಂಜೆ ಸಮಿತಿಯ ಕಣ್ಣೆದುರು ಪ್ರಯೋಗಾಲಯದಲ್ಲೇ ಬೆರೆಸು. ಶುಕ್ರವಾರ ಬೆಳಿಗ್ಗೆ ಎಲ್ಲರೂ ಸೇರಿ ಬಿಚ್ಚಿ ನೋಡೋಣ" ಎಂದರು.

ಅವಳು ಮಂಗಳವಾರದಿಂದ ಪ್ರಯೋಗಾಲಯದಲ್ಲಿ ಅಭ್ಯಾಸ ಶುರುಮಾಡಿದಳು. ಅದೇ ಕೆಂಪು ನೀರು, ಅದೇ ಕಾಲು ಪಾಲು ಪುಡಿ. ಕುಲುಕದಿರಲಿ ಎಂದು ಸೀಸೆಯ ಕೆಳಗೆ ದಪ್ಪ ಸ್ಪಂಜು. ಬುಧವಾರ ಬೆಳಿಗ್ಗೆ ನೀರು. ಗುರುವಾರ ನೀರು. ಶುಕ್ರವಾರ ನೀರು. ರಾತ್ರಿ ಊಟದ ಹೊತ್ತಿಗೆ ಹಳೆಯ ಸುದ್ದಿ ಮತ್ತೆ ಬಂತು: "ಕಟ್ಲಿಲ್ಲ." ಅಜ್ಜಿ ನನ್ನ ಮುಖ ನೋಡುತ್ತಿದ್ದರು, ನಾನು ತಟ್ಟೆ ನೋಡುತ್ತಿದ್ದೆ.

ತಪ್ಪನ್ನು ಒಪ್ಪಿಕೊಳ್ಳುವ ಬದಲು ನಾನು ಇನ್ನೊಂದು ತಪ್ಪು ಮಾಡಿದೆ. ಶನಿವಾರ ಅಜ್ಜಿ ಸ್ನಾನಕ್ಕೆ ಹೋದಾಗ ಗಡಿಗೆಯಿಂದ ಹುಳಿ ಕದ್ದು, ಖಾಲಿಯಾಗಿದ್ದ ಕಣ್ಣಿನ ಹನಿಯ ಬಾಟಲಿಗೆ ತುಂಬಿಕೊಂಡು, ಊಟದ ಕ್ಯಾರಿಯರ್ ನೆಪದಲ್ಲಿ ಪ್ರಯೋಗಾಲಯಕ್ಕೆ ಹೋದೆ. ಇಲಕ್ಕಿಯಾ ಕೈ ತೊಳೆಯಲು ಹೋದ ಹೊತ್ತಿನಲ್ಲಿ ಅವಳ ಸೀಸೆಗಳಿಗೆಲ್ಲ ಹನಿ ಹಾಕಿದೆ. ಸೋಮವಾರ ಅವಳು ಬಿಚ್ಚಿ ನೋಡಿದರೆ ಕೆಂಪು ನೀರಿನ ಮೇಲೆ ತೆಳ್ಳಗೆ ಕೆನೆಯಂಥದೇನೋ ತೇಲುತ್ತಿತ್ತು, ಅಷ್ಟೇ. ಹುಳಿಯಲ್ಲಿರುವುದು ಜೀವಾಣು, ಕಣ್ಣಿನ ಔಷಧಿಯ ಕೆಲಸವೇ ಜೀವಾಣು ಕೊಲ್ಲುವುದು ಎಂದು ನನಗೆ ಆಮೇಲೆ ತಿಳಿಯಿತು. ಅಜ್ಜಿಯ ಅತ್ತೆಯ ಅತ್ತೆಯ ಕಾಲದಿಂದ ಬದುಕಿ ಬಂದ ಹುಳಿಯನ್ನು ನಾನು ಸೋಮನೂರು ಸ್ಟೇಷನ್ ದಾಟುವ ಮೊದಲೇ ಸಾಯಿಸಿದ್ದೆ.

ಮಂಗಳವಾರ ಬೆಳಿಗ್ಗೆ ಸೋಮನೂರಿನ ಪ್ಲಾಟ್‌ಫಾರ್ಮಿನಲ್ಲಿ ನಾವಿಬ್ಬರೂ ನಿಂತಿದ್ದೆವು. ಅವಳ ರೈಲು ಆ ಕಡೆ, ನನ್ನದು ಈ ಕಡೆ. ಇಲಕ್ಕಿಯಾ ತನ್ನ ಎರಡೂ ಅಂಗೈ ಬಿಡಿಸಿ ನೋಡಿಕೊಳ್ಳುತ್ತಿದ್ದಳು.

"ಎಲ್ಲಾ ಅದೇ ಮಾಡ್ತಿದೀನಿ. ನನ್ ಕೈಲೇ ಏನೋ ತಪ್ಪು ಐತೆ. ಆ ಒಂದು ದಿನ ಮಾತ್ರ ಸರಿಯಾಯ್ತು. ನನ್ನ ಕೈ ಆಗೋದಿಲ್ಲ ಇದಕ್ಕೆ" ಎಂದಳು. ಕಣ್ಣಲ್ಲಿ ನೀರು.

ದಿನವಿಡೀ ತಪ್ಪು ಹುಡುಕುವವನು ನಾನು. ಆದರೆ ತಪ್ಪೇ ಇಲ್ಲದ ಕೈಯಲ್ಲಿ ಒಬ್ಬಳು ತಪ್ಪು ಹುಡುಕುತ್ತಾ ಅಳುವುದನ್ನು ನೋಡಲು ನನ್ನಿಂದ ಆಗಲಿಲ್ಲ.

"ಆ ಭಾನುವಾರ ಅಜ್ಜಿ ಆರೂ ಸೀಸೆಗೆ ಗಡಿಗೆ ಹುಳಿ ಹಾಕಿದರು" ಎಂದೆ.

ಅವಳು ನನ್ನ ಮುಖ ನೋಡಿದಳು. ಅದೇ ಹೊತ್ತಿಗೆ ಒಂದು ಗೂಡ್ಸ್ ಗಾಡಿ ಬಂತು. ಅಷ್ಟು ಉದ್ದದ ಗೂಡ್ಸ್ ಗಾಡಿಯನ್ನು ರೈಲ್ವೆಯವರು ಯಾಕೆ ಓಡಿಸುತ್ತಾರೋ ಗೊತ್ತಿಲ್ಲ. ಐವತ್ತೆಂಟು ಡಬ್ಬಿ. ಅದು ಹೋಗುವ ತನಕ ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ನೀವೇನ್ ಮಾಡ್ತಿದ್ರಿ?"

"ನಿದ್ದೆ."

"ಆಮೇಲೆ?"

"ಫಾಯಿಲ್ ಸುತ್ತಿಟ್ಟೆ."

"ನಾನ್ ಕುಣಿದೆ. ನೀವ್ ನೋಡ್ತಾ ನಿಂತಿದ್ರಿ."

"ಹೌದು."

"ಒಂದು ವಾರಮಾ ಅಳ್ತಾ ಇದ್ದೆ. ಅದನ್ನೂ ನೋಡ್ತಾ ಇದ್ರಿ."

ಅವಳ ರೈಲು ಬಂದು ನಿಂತಿತು, ಹೊರಟೂ ಹೋಯಿತು. ಅವಳು ಹತ್ತಲಿಲ್ಲ. ದುಪಟ್ಟಾದಲ್ಲಿ ಮೂಗು ಒರೆಸಿಕೊಂಡು ಕೇಳಿದಳು.

"ಎಷ್ಟ್ ಹಾಕಿದ್ರು?"

"ಒಂದೊಂದು ಕರಂಡಿ."

"ಯಾವ ಕರಂಡಿ?"

ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ, ಆದರೆ ಅದರ ಪಕ್ಕದಲ್ಲೇ ಇನ್ನೇನೋ ಎದ್ದು ಕೂತಿತ್ತು. "ರಾತ್ರಿ ಪೂರಾ ನಿಧಾನಮಾ ಹುಳಿ ಆಗುತ್ತೆ... ಪುಡಿಗೆ ಎರಡು ಗಂಟೆ, ಇದಕ್ಕೆ ಹನ್ನೆರಡು ಗಂಟೆ... ಅಯ್ಯೋ, ನನ್ನ ಮನೆ ಮೂಲೇಲೇ ಕೂತಿತ್ತಲ್ಲಾ!" ಎಂದು ನನ್ನನ್ನು ಅಲ್ಲೇ ಬಿಟ್ಟು ಮನೆಯ ಕಡೆ ಓಡಿದಳು. ನಾನು ಕಂಪನಿಗೆ ಹೊಟ್ಟೆನೋವು ಎಂದು ಫೋನು ಮಾಡಿ ಹಿಂದೆಯೇ ಓಡಿದೆ. ಹೊಟ್ಟೆನೋವು ಸುಳ್ಳೇನೂ ಆಗಿರಲಿಲ್ಲ.

ಹುಳಿ ಕೊಡಿ ಎಂದರೆ ಅಜ್ಜಿ ಕೊಡಲಿಲ್ಲ. ಮನೆಯಲ್ಲಿ ಎಷ್ಟು ಸೀಸೆಗೆ ಬೇಕಾದರೂ ಹಾಕಿಕೊಡುತ್ತೇನೆ, ಗಡಿಗೆಯ ಹುಳಿ ಹಸಿಯಾಗಿ ಹೊಸಿಲು ದಾಟುವುದಿಲ್ಲ ಎಂದರು. ಸಮಿತಿ ಮನೆಗೆ ಬರುವುದಿಲ್ಲ ಎಂದು ಇಲಕ್ಕಿಯಾ ಹೇಳಿದಳು. ನೀವೇ ಬಂದು ಹಾಕಿ ಎಂದು ಕಾಲು ಹಿಡಿದಳು. ಅಜ್ಜಿಯ ಕಣ್ಣಲ್ಲೂ ನೀರು ಬಂತು, ಆದರೆ ತಲೆ ಅಡ್ಡಕ್ಕೇ ಆಡಿತು.

"ನಿನಗಿಲ್ಲದ್ದು ನನಗೇನೈತೆ ಕಣ್ಣು? ಆದ್ರೆ ಇದು ನಂದಲ್ಲ, ನಮ್ಮತ್ತೇದು. ಗಡಿಗೆ ಕೊಡೋವಾಗ ಸತ್ಯ ಮಾಡಿಸ್ಕೊಂಡ್ರು. ಸೊಸೆ ಕೈಗೇ ಕೊಡ್ತೀನಿ, ಅವಳ ಕೈಲೇ ದಾಟ್ಬೇಕು ಅಂತ. ಮಗಳ ಮದ್ವೆ ಮಾಡಿ ನಾನೇ ಅತ್ತೆ ಆದ್ಮೇಲೆ ನನ್ ಕೈಲೂ ದಾಟಂಗಿಲ್ಲ. ಸೊಸೆ ಇಲ್ವೇ ನನಗೆ!"

ಈ ಗಲಾಟೆಗೆ ಬೀದಿ ಸೇರಿತು. ಮುಷ್ಕರದಿಂದ ಎಲ್ಲರೂ ಕೈಕಟ್ಟಿ ಕೂತಿದ್ದ ಕಾಲ ಅದು. ಮೂರು ಕೈಮಗ್ಗದಲ್ಲಿ ಒಂದರ ಒಡೆಯ, ಎಂಬತ್ತರ ಪಳನಿಸಾಮಿ ಮಾಮ, ಜಗಲಿಯ ಮೇಲೆ ಕಾಲು ಮಡಚಿ ಕೂತು ಎಲ್ಲ ಕೇಳಿಸಿಕೊಂಡರು. ಗಡಿಗೆಗೆ ವಾರಸುದಾರರಿಲ್ಲ ಎಂಬ ಚಿಂತೆ ಅವರಿಗೂ ಇತ್ತು. ಅಜ್ಜಿಯ ಹಿಂದೆ ಗಡಿಗೆ ಹೋದರೆ ಅವರ ಪಾವಿಗೆ, ಅಂದರೆ ಹಾಸುನೂಲಿಗೆ, ಗಂಜಿ ಹಾಕುವವರು ಯಾರು? ಅವರು ಎಲೆಯಡಿಕೆ ಉಗಿದು, ಬಹಳ ಹೊತ್ತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಬನಿಯನ್ ನೋಡುವುದೂ ಹೀಗೆಯೇ. ನನಗೆ ಹೆದರಿಕೆಯಾಯಿತು.

"ಅಮ್ಮಣಿ, ಪೆಟ್ಟಿ ತಗೊಂಡು ಯಾರ್ ಮನೆಗೆ ಯಾರ್ ಬಂದ್ರು?"

"ಮಾಪ್ಳೆ ಬಂದ್ರು" ಎಂದರು ಅಜ್ಜಿ.

"ಬಂದ ಮೊದಲ ವಾರ ತಾಯಿ ನೆನಪು ಅಂತ ಕಣ್ಣೀರು ಹಾಕಿದ್ ಯಾರು?"

"ಅದು ಈರುಳ್ಳಿ" ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

"ಮಾಪ್ಳೆನೇ" ಎಂದರು ಅಜ್ಜಿ.

"ಅನ್ನ ತಳ ಹತ್ತಿದ್ರೆ ಈ ಮನೇಲಿ ಯಾರಿಗೆ ಬೈಗುಳ?"

ಅಜ್ಜಿ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ನಿಧಾನವಾಗಿ ಒಂದು ಬೆಳಕು ಬಂತು. ಟಾರ್ಚು ಬಿಟ್ಟ ಜೆಲ್ಲಿನ ಹಾಗೆಯೇ.

"ಅಯ್ಯೋ ಆಮಾ, ಹೌದಲ್ಲಾ! ಎರಡು ವರ್ಸಮಾ ಸೊಸೆ ಮನೇಲೇ ಇದ್ದಾಳೆ, ನನಗೇ ತೆರಿಯಲಿಲ್ಲ!"

ನಾನು ಗಂಡಸು, ನಾನು ಅಳಿಯ, ಇದಕ್ಕೆಲ್ಲ ಒಂದು ಕ್ರಮ ಇದೆ ಎಂದೆಲ್ಲ ವಾದಿಸಿದೆ. ಇಲಕ್ಕಿಯಾ ಒಂದೇ ಮಾತು ಹೇಳಿದಳು.

"ನಿದ್ದೆ ಮಾಡಿದ್ ಯಾರು?"

ವಾದ ಮುಗಿಯಿತು.

ಬುಧವಾರ ಬೆಳಿಗ್ಗೆ ಒಳ್ಳೆಯ ಹೊತ್ತು ನೋಡಿ ನನ್ನನ್ನು ಹೊಸಿಲ ಹೊರಗೆ ನಿಲ್ಲಿಸಿದರು, ಕೈಯಲ್ಲಿ ಅದೇ ಸೂಟ್‌ಕೇಸ್. ತಲೆಯ ಮೇಲೆ ಸೆರಗಿನ ಬದಲು ಪಳನಿಸಾಮಿ ಮಾಮನ ಟವೆಲ್ಲು. ನನ್ನ ಕೈಗೆ ಬಳೆ ಏರಲಿಲ್ಲ. ಅಜ್ಜಿ ಮೂರು ಡಜನ್ ಪ್ರಯತ್ನಿಸಿ, ಕೊನೆಗೆ ನನ್ನ ಕಂಪನಿಯ ಅಳತೆ ಟೇಪನ್ನೇ ಮುಂಗೈಗೆ ಸುತ್ತಿ ಅರಿಶಿನ ಹಚ್ಚಿದರು. ಬಲಗಾಲಿಟ್ಟು ಒಳಗೆ ಬಂದೆ. ಬೀದಿಯ ಹೆಂಗಸರು ಕುಲವೈ ಹಾಕಿದರು; ನಾಲಿಗೆ ಆಡಿಸಿ ಉಲಿಯುವ ಆ ಸದ್ದನ್ನು ನನ್ನ ಮದುವೆಯಲ್ಲೂ ಅಷ್ಟು ಜೋರಾಗಿ ಹಾಕಿರಲಿಲ್ಲ. ಯಾರೋ ವಿಡಿಯೋ ತೆಗೆದರು. ಅದು ಸಂಜೆಯೊಳಗೆ ತಿರುಪ್ಪೂರಿನ ನನ್ನ ಚೆಕಿಂಗ್ ಮೇಜಿಗೆ ತಲುಪಿತು. ಅದರ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ.

ಗಡಿಗೆಯ ಮುಂದೆ ಕೂರಿಸಿ ಅಜ್ಜಿ ಸತ್ಯ ಮಾಡಿಸಿದರು. ದಿನವೂ ಒಂದು ಹಿಡಿ ಅನ್ನ, ಒಂದು ಲೋಟ ನೀರು. ಊರಿಗೆ ಹೋದರೆ ಅದಕ್ಕೆ ಹೇಳಿ ಹೋಗಬೇಕು. ಸೊಸೆಗಲ್ಲದೆ ಯಾರಿಗೂ ಕೊಡಬಾರದು. ಮೂರಕ್ಕೂ ಹೂಂ ಎಂದೆ. ಅಜ್ಜಿ ಗಡಿಗೆ ಎತ್ತಿ ನನ್ನ ಕೈಗಿಟ್ಟು, ಅದರ ಬಾಯನ್ನು ಸೆರಗಿನಿಂದ ಒಮ್ಮೆ ಒರೆಸಿದರು. "ಇನ್ಮೇಲೆ ನಾನ್ ನೆಮ್ಮದಿಯಾ ಸಾಯ್ಬೋದು" ಎಂದರು. ನಾನು ತಲೆಯ ಮೇಲಿನ ಟವೆಲ್ಲಿನ ತುದಿಯಿಂದ ಕಣ್ಣು ಒರೆಸಿಕೊಂಡೆ. ಈ ಸಲ ಈರುಳ್ಳಿ ಇರಲಿಲ್ಲ.

ಆ ಇಡೀ ದಿನ ಇಲಕ್ಕಿಯಾ ಕರಂಡಿಯ ಲೆಕ್ಕಕ್ಕೆ ಬಿದ್ದಳು. ಸಮಿತಿ ಅಳತೆ ಕೇಳುತ್ತದೆ. ಅಜ್ಜಿಯನ್ನು ಕೇಳಿದರೆ "ಕೈಗೆ ತೆರಿಯುತ್ತೆ", ಅಂದರೆ ಕೈಗೇ ಗೊತ್ತು, ಎನ್ನುತ್ತಾರೆ. ನಾನು ಅವಳ ಪುಟ್ಟ ತಕ್ಕಡಿ ಇಟ್ಟುಕೊಂಡು ಅಜ್ಜಿಯ ಕೈಯಿಂದ ಮೂವತ್ತು ಸಲ ಹುಳಿ ಹಾಕಿಸಿ ತೂಗಿದೆ. ದೋಷ ಹುಡುಕುವುದು ನನ್ನ ಕೆಲಸ, ನಿಜವಾಗಿಯೂ ಹುಡುಕಿದೆ. ಮೂವತ್ತರಲ್ಲಿ ಒಂದರಲ್ಲೂ ಕಾಲು ಗ್ರಾಂ ಹೆಚ್ಚುಕಡಿಮೆ ಇರಲಿಲ್ಲ.

ಗುರುವಾರ ಸಂಜೆ ಗಡಿಗೆಯನ್ನು ನಾನೇ ಹೊತ್ತುಕೊಂಡು ಹೋದೆ. ಪ್ರಯೋಗಾಲಯದಲ್ಲಿ ಏಸಿ. ಅಲ್ಲಿನ ಚಳಿಗೆ ಹುಳಿ ಮುದುಡುತ್ತದೆ ಎಂದು, ನಾನೇ ತಿರಸ್ಕರಿಸಿದ ಹನ್ನೆರಡು ಟೀ ಶರ್ಟುಗಳನ್ನೂ ತಂದಿದ್ದೆ. ಸಮಿತಿಯಲ್ಲಿ ಮೂವರು, ನಡುವೆ ಅಧ್ಯಕ್ಷ ಆರುಮುಗಂ ಸರ್, ಮುಖದಲ್ಲಿ ಮೂರು ದಿನದಿಂದ ನಗು ಇಲ್ಲದವರ ಹಾಗೆ.

"ಇವರು ಯಾರು?" ಎಂದು ತಮಿಳಿನಲ್ಲಿ ಕೇಳಿದರು.

"ಹುಳಿ ಇವರದು ಸರ್. ಬೇರೆ ಯಾರೂ ಮುಟ್ಟುವ ಹಾಗಿಲ್ಲ" ಎಂದಳು ಇಲಕ್ಕಿಯಾ.

ತಮಿಳ್‌ಸೆಲ್ವಿ ಮೇಡಂ ನನ್ನ ಮುಂಗೈಯ ಅರಿಶಿನದ ಟೇಪನ್ನೇ ನೋಡುತ್ತಿದ್ದರು. ನಾನು ಹುಳಿಯನ್ನು ತೂಗಿ, ಇಲಕ್ಕಿಯಾ ಕೆಂಪು ನೀರು, ಪುಡಿ ಬೆರೆಸಿಟ್ಟ ಆರು ಸೀಸೆಗೆ ಬಿಟ್ಟು, ಗರಿಕಡ್ಡಿಯಿಂದ ಕಲಕಿದೆ. ಇಲಕ್ಕಿಯಾ ಫಾಯಿಲ್ ಸುತ್ತಿದಳು. ಒಂದು ತೋಳು ಉದ್ದ, ಒಂದು ತೋಳು ಗಿಡ್ಡದ ಆ ಟೀ ಶರ್ಟುಗಳಲ್ಲಿ ಆರನ್ನೂ ಬೆಚ್ಚಗೆ ಮಲಗಿಸಿ, ಕೋಣೆಗೆ ಸಮಿತಿಯವರೇ ಬೀಗ ಹಾಕಿ ಕೀಲಿ ಒಯ್ದರು. ಹೊರಗೆ ಗೂಡ್ಸ್ ಗಾಡಿಯೊಂದು ನೆಲವನ್ನೆಲ್ಲ ಕುಲುಕಿಸಿಕೊಂಡು ಹೋಯಿತು. ಇಲಕ್ಕಿಯಾ ನನ್ನ ಕೈ ಹಿಡಿದುಕೊಂಡಳು. ಮಂಗಳವಾರದಿಂದ ಅವಳು ನನ್ನನ್ನು ಮುಟ್ಟಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಆರುಮುಗಂ ಸರ್ ತಾವೇ ಫಾಯಿಲ್ ಬಿಚ್ಚಿದರು. ಸಮಿತಿಯ ಕಾಗದಗಳ ಮೇಲೆಯೇ ಸೀಸೆಯನ್ನು ತಲೆಕೆಳಗು ಮಾಡಿದರು. ಎಲ್ಲರೂ ಕಾಗದಗಳನ್ನು ನೋಡುತ್ತಿದ್ದೆವು. ಒಂದು ಹನಿಯೂ ಬೀಳಲಿಲ್ಲ. ಆರೂ ಹಾಗೇ. ಬೆಳಕು ಬಿದ್ದರೆ ಕೂಗಲಿ ಎಂದು ಇಲಕ್ಕಿಯಾ ಒಂದು ಪುಟ್ಟ ಬಜರ್ ಸಿಕ್ಕಿಸಿದ್ದಳು. ನೀಲಿ ಟಾರ್ಚು ಬಿಟ್ಟಳು. ಕೆಂಪು ನೇರಳೆಯಾಗುತ್ತಾ ಬಂತು. ಏನೂ ಇಲ್ಲ. ಇನ್ನೂ ಏನೂ ಇಲ್ಲ. ನಾನು ಗಡಿಗೆಯನ್ನು ಎದೆಗೆ ಅವುಚಿಕೊಂಡೆ. ಆಗ ಬಜರ್ ಕೀಂ ಎಂದು ಕೂಗಿತು. ಆರುಮುಗಂ ಸರ್ ಟಾರ್ಚನ್ನು ಕಿತ್ತುಕೊಂಡು, ತಾವೇ ಬಿಟ್ಟು, ಆರಿಸಿ, ಮಕ್ಕಳ ಹಾಗೆ ಹತ್ತು ಸಲ ಕೂಗಿಸಿದರು.

ಇಲಕ್ಕಿಯಾ ಸೀಸೆಯನ್ನು ನೋಡುತ್ತಿರಲಿಲ್ಲ, ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತಿದ್ದಳು. "ಕೈ ಸರಿಯಾಗೇ ಐತೆ" ಎಂದಳು, ನನಗೊಬ್ಬನಿಗೇ ಕೇಳುವ ಹಾಗೆ. ಆಮೇಲೆ ಅತ್ತಳು, ನಕ್ಕಳು, ನನ್ನ ಬೆನ್ನಿಗೆ ಒಂದು ಗುದ್ದಿದಳು. ಆ ಗುದ್ದು ಮಂಗಳವಾರದ್ದು, ಬಾಕಿ ಇತ್ತು.

"ವಿಷಯ ಬದಲಿಸಬೇಕಿಲ್ಲ, ಮುಂದುವರಿಸಿ" ಎಂದು ಆರುಮುಗಂ ಸರ್ ಸಹಿ ಹಾಕಿದರು. ಹಾಕಿದ ಮೇಲೆ ಗಂಟಲು ಸರಿಪಡಿಸಿಕೊಂಡು, "ಇದನ್ನು ಬೇರೆ ಪ್ರಯೋಗಾಲಯದವರೂ ಮಾಡಿ ನೋಡಬೇಕಲ್ಲ? ನಮ್ಮಲ್ಲಿಗೂ ಸ್ವಲ್ಪ ಹುಳಿ ಕೊಡಿ" ಎಂದು ನನ್ನ ಕಡೆ ಕೈ ಚಾಚಿದರು.

ಎಲ್ಲರೂ ನನ್ನನ್ನು ನೋಡಿದರು. ನನ್ನ ಕಣ್ಣ ಮುಂದೆ ಗಡಿಗೆಯ ಬಾಯಿ ಒರೆಸುತ್ತಿದ್ದ ಅಮ್ಮಣಿಯಜ್ಜಿಯ ಕೈ ಬಂತು. ಒಂದು ಸಲ ಕದ್ದಿದ್ದೇನೆ, ಇನ್ನು ಸಾಕು.

"ಕೊಡಬಹುದು ಸರ್" ಎಂದೆ. "ಆದರೆ ನೀವು ನಮ್ಮ ಮನೆಗೆ ಸೊಸೆಯಾಗಿ ಬರಬೇಕು."

ಇಲಕ್ಕಿಯಾ ಎಲ್ಲವನ್ನೂ ಮೊದಲಿನಿಂದ ವಿವರಿಸಿದಳು. ಆರುಮುಗಂ ಸರ್ ತಮ್ಮ ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳಲು ಮರೆತು, ನನ್ನ ಮುಂಗೈ ನೋಡಿ, ತಮ್ಮ ಮುಂಗೈ ನೋಡಿಕೊಂಡು, ಬಹಳ ಗಂಭೀರವಾಗಿ ಕೇಳಿದರು: "ಸೂಟ್‌ಕೇಸ್ ಎಷ್ಟು ದೊಡ್ಡದಿರಬೇಕು?"

ಮುಂದಿನ ವಾರ ಕೂಲಿಯ ಒಪ್ಪಂದವಾಗಿ ಪವರ್‌ಲೂಮ್‌ಗಳು ಮತ್ತೆ ತಡಕ್ ತಡಕ್ ಎನ್ನತೊಡಗಿದವು. ನಾನೀಗ ಬೆಳಿಗ್ಗೆ ಎದ್ದು ಗಡಿಗೆಗೆ ಒಂದು ಹಿಡಿ ಅನ್ನ, ಒಂದು ಲೋಟ ನೀರು ಹಾಕುತ್ತೇನೆ. "ತಿರುಪ್ಪೂರಿಗೆ ಹೋಗಿ ಬರ್ತೀನಿ, ಏಳು ಗಂಟೆಗೆ ವಾಪಸ್" ಎಂದು ಅದಕ್ಕೆ ಹೇಳುತ್ತೇನೆ. ಇಲಕ್ಕಿಯಾ ತನ್ನ ಪ್ರಬಂಧದಲ್ಲಿ ಹುಳಿಯ ಮೂಲ ಎಂಬಲ್ಲಿ "ಮನೆಯ ಸೊಸೆ, ಸತೀಶ್‌ಕುಮಾರ್" ಎಂದು ಬರೆದಿದ್ದಾಳೆ. ಅದರಲ್ಲಿ ದೋಷವಿದೆ ಎಂದು ಹೇಳಲು ನಿನ್ನೆ ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯಿಂದ ಅಜ್ಜಿ ಕೂಗಿದರು. ಅವರು ನನ್ನನ್ನು ಮಾಪ್ಳೆ ಎಂದು ಕರೆಯುವುದನ್ನು ಬಿಟ್ಟು ಬಹಳ ದಿನವಾಯಿತು.

"ಏ ಸೊಸೆ! ಅನ್ನ ತಳ ಹತ್ತುತಾ ಐತೆ, ಎಲ್ಲಿ ಹೋದೆ?"

ನಾನು ಓಡಿದೆ.